ಮಕ್ಕಳೇ ಮಾಡಿದ ಆಟದಿಂದ ವ್ಯಾಕರಣ ತಲೆಗೆ ಹತ್ತುತ್ತದೆಯೇ?

ಪಾಠ ಮುಗಿದ ಮೇಲೆ ಮತ್ತೆ ನೆನಪಿಸಲು ಮಕ್ಕಳ ಕೈಲೇ ಆಟ ಮಾಡಿಸಿದರೆ ಪ್ರಯೋಜನ ಇದೆಯಾ, ಇಲ್ಲ ಸುಮ್ನೆ ಪೀರಿಯಡ್ ಹಾಳಾ ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನಗೆ ಎರಡೂ ಆಗಿದೆ.

ಮೊದಲ ಸಲ ಒಂಬತ್ತನೇ ಕ್ಲಾಸಿಗೆ ಸಂಧಿ ಮುಗಿಸಿ, ಹಾವು ಏಣಿ ಆಟ ಮಾಡ್ಕೊಂಡು ಬನ್ನಿ ಅಂದೆ. ಹಾವುಗಳು ಬಹಳ ಚೆನ್ನಾಗಿದ್ದವು, ಒಂದಕ್ಕೆ ಮೀಸೆ ಕೂಡ ಇತ್ತು. ಸಂಧಿ ಮಾತ್ರ ಎಲ್ಲೂ ಕಾಣಲಿಲ್ಲ. ಯಾರಿಗೆ ದಾಳ ಚೆನ್ನಾಗಿ ಬಿತ್ತೋ ಅವನು ಒಂದು ಪದವನ್ನೂ ಬಿಡಿಸದೆ ನೂರಕ್ಕೆ ಹೋಗಿ ಕೂತ.

ಮುಂದಿನ ವರ್ಷ ಚೌಕಾಬಾರ. ಐಡಿಯಾ ಹುಡುಗರದ್ದೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಗೀಚಿದರೆ ಆಯಿತು. ಕವಡೆ ಸಿಗದವರು ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿ ತಂದರು. ಎದುರಿನವರ ಕಾಯಿ ಹೊಡೆಯಬೇಕಾದರೆ ಮೊದಲು ಒಂದು ಚೀಟಿ ಎತ್ತಿ, ಪದ ಬಿಡಿಸಿ, ಸಂಧಿಯ ಹೆಸರು ಹೇಳಬೇಕು ಅಂತ ಅವರೇ ರೂಲ್ಸ್ ಮಾಡಿಕೊಂಡರು. ತಪ್ಪಿದರೆ ಕಾಯಿ ಬದುಕಿತು. ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅಲ್ವಾ? ಹಾಗಾಗಿ ಸಂಧಿ ಬಿಡಿಸದೆ ಯಾರ ಕಾಯಿಯೂ ಹಣ್ಣಾಗಲಿಲ್ಲ.

ಆದರೂ ಆಡುವುದಕ್ಕಿಂತ ಚೀಟಿ ಬರೆಯುವಾಗಲೇ ಜಾಸ್ತಿ ಕಲಿತರು ಅನ್ನಿಸುತ್ತದೆ. ಹಳೇ ಲಗ್ನಪತ್ರಿಕೆ ಕತ್ತರಿಸಿ, ಒಂದು ಕಡೆ ಪದ, ಹಿಂದೆ ಉತ್ತರ. ಒಬ್ಬಳು ‘ಸೂರ್ಯೋದಯ’ ಲೋಪಸಂಧಿ ಅಂತ ಬರೆದಳು. ಪಕ್ಕದವನು ಬಿಡಲಿಲ್ಲ: “ಲೋಪ ಆದ್ರೆ ಸೂರ್ಯುದಯ ಆಗ್ಬೇಕಿತ್ತು ಕಣೇ!” ಅ, ಉ ಸೇರಿ ಓ ಆಗುತ್ತದೆ, ಅದು ಗುಣಸಂಧಿ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಆ ಜಗಳ ಆದ ಮೇಲೆ ಮತ್ತೆ ಬರೆಯುವ ಕೆಲಸ ಬೀಳಲಿಲ್ಲ.

ಆದ್ದರಿಂದ ಒಂದು ಪೀರಿಯಡ್ ಪೂರ್ತಿ ಚೀಟಿಗೇ ಕೊಡಿ. ಪುಸ್ತಕದ ಉದಾಹರಣೆ ಬೇಡ, ಪಾಠದಿಂದ ಅವರೇ ಪದ ಹೆಕ್ಕಲಿ. ಒಂದು ಗುಂಪು ಬರೆದದ್ದನ್ನು ಇನ್ನೊಂದು ಗುಂಪು ತಿದ್ದಲಿ, ಕೊನೆಗೆ ನೀವೂ ನೋಡಿ. ತಪ್ಪು ಚೀಟಿ ಹಾಗೇ ಆಟಕ್ಕೆ ಬಂದರೆ ತಪ್ಪೇ ಬಾಯಿಪಾಠ ಆಗುತ್ತದೆ. ಒಂದು ಆಟಕ್ಕೆ ನಾಲ್ಕೇ ಜನ. ಗದ್ದಲ ಆಗಿಯೇ ಆಗುತ್ತದೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಡಿ.

ತತ್ಸಮ-ತದ್ಭವಕ್ಕೆ ಇಷ್ಟೆಲ್ಲ ಬೇಡ. ವರ್ಷ-ವರುಷ, ಕಾರ್ಯ-ಕಜ್ಜ ಅಂತ ಚೀಟಿಗಳನ್ನು ಮಗುಚಿಟ್ಟು ಜೋಡಿ ಹುಡುಕಿದರೆ ಸಾಕು. ಪದ್ಯಗಳಿಗೆ ಮಾತ್ರ ನನಗೆ ಇನ್ನೂ ಯಾವ ಆಟವೂ ಕೂಡಿಬಂದಿಲ್ಲ. ಅಲ್ಲಿ ಈಗಲೂ ಎಲ್ಲರೂ ಸೇರಿ ಗಟ್ಟಿಯಾಗಿ ಓದುವುದೇ.