ಶಿರಸಿಯಲ್ಲಿ ಮನೆ ವೈರಿಂಗಿಗೆ ಯಾವ ಪರ್ಮಿಟ್?

ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೀರಿ, ಊರಲ್ಲೇ ಮನೆ ವೈರಿಂಗ್ ಮಾಡುವ ಆಸೆ, ವೈರ್‌ಮನ್ ಪರ್ಮಿಟ್ ಸಾಕಾ ಕಾಂಟ್ರಾಕ್ಟರ್ ಲೈಸೆನ್ಸೇ ಬೇಕಾ ಅಂತ ಕೇಳಿದ್ದೀರಿ. ಮೊದಲು ವೈರ್‌ಮನ್ ಪರ್ಮಿಟ್ಟೇ ಮಾಡಿಸಿ.

ಆದರೆ ಅದೊಂದನ್ನೇ ಹಿಡಿದು ಇಡೀ ಮನೆಯ ಕೆಲಸ ಸ್ವಂತವಾಗಿ ಒಪ್ಪಿಕೊಳ್ಳಲು ಬರುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದ ಪ್ರಕಾರ ಕೆಲಸ ಹಿಡಿಯುವವನಿಗೆ ಕಾಂಟ್ರಾಕ್ಟರ್ ಲೈಸೆನ್ಸ್, ನಿಂತು ಮಾಡಿಸುವವನಿಗೆ ಸೂಪರ್‌ವೈಸರ್ ಅರ್ಹತಾಪತ್ರ, ಕೈಯಾರೆ ಮಾಡುವವನಿಗೆ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ. ಹೊಸ ಮನೆಗೆ ಹೆಸ್ಕಾಂ ಮೀಟರ್ ಕೊಡುವಾಗ ಕೇಳುವುದೂ ಲೈಸೆನ್ಸ್ ಇದ್ದ ಕಾಂಟ್ರಾಕ್ಟರನ ಸಹಿ ಇರುವ ವರದಿಯನ್ನೇ. ಆ ಸಹಿಯನ್ನು ದುಡ್ಡು ಕೊಟ್ಟು ತಂದರಾಯ್ತು ಅನ್ನುವವರು ಸಿಗ್ತಾರೆ; ಅವರ ಸಹವಾಸ ಬೇಡ ಮಾರಾಯ್ರೆ, ನಾಳೆ ಯಾರಿಗಾದರೂ ಶಾಕ್ ಹೊಡೆದರೆ ಕೇಸು ನಿಮ್ಮ ತಲೆಗೇ.

ನನ್ನ ಕೇಳಿದರೆ, ಪರ್ಮಿಟ್ ಬಂದ ಮೇಲೆ ಒಳ್ಳೆ ಕಾಂಟ್ರಾಕ್ಟರ್ ಕೈಕೆಳಗೆ ಕೆಲವು ವರ್ಷ ದುಡಿಯಿರಿ. ಮೆಗ್ಗರ್ ಅನ್ನುವ ಅಳತೆಯ ಉಪಕರಣ ಹಿಡಿದು ವೈರಿನ ಇನ್ಸುಲೇಶನ್ ನೋಡುವುದು, ಅರ್ತ್ ಅಳೆಯುವುದು ಅಲ್ಲೇ ಕೈಗೆ ಹತ್ತುವುದು. ನಮ್ಮ ಕಡೆ ಚಿರೇಕಲ್ಲಿನ ನೆಲ ಬೇಸಿಗೆಗೆ ಒಣಗಿದರೆ ಅರ್ತ್ ರೆಸಿಸ್ಟೆನ್ಸ್, ಅಂದರೆ ಕರೆಂಟ್ ನೆಲಕ್ಕಿಳಿಯಲು ಇರುವ ತಡೆ, ಏರುತ್ತದೆ. ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆ ಅಂತ ಬರೆದುಕೊಟ್ಟರೆ ಏಪ್ರಿಲ್‌ನಲ್ಲಿ ಬಣ್ಣ ಬಯಲು. ಕಾರವಾರ, ಅಂಕೋಲಾ ಬದಿಯಾದರೆ ಉಪ್ಪುಗಾಳಿಗೆ ಅರ್ತ್ ಕ್ಲ್ಯಾಂಪೂ ತುಕ್ಕು ಹಿಡಿಯುತ್ತದೆ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಬೇಡ ಅನ್ನುವ ಮನೆಯವರ ಕೆಲಸ ಹಿಡಿಯಲೇಬೇಡಿ.

ಡಿಪ್ಲೊಮಾ ಮಾಡುವ ಮನಸ್ಸಿದ್ದರೆ ಸೂಪರ್‌ವೈಸರ್ ಹಾದಿ ಹತ್ತಿರವಾಗುತ್ತದೆ. ಅರ್ಜಿ, ಶುಲ್ಕ ಎಲ್ಲ ವಿದ್ಯುತ್ ಪರಿವೀಕ್ಷಣಾಲಯದಲ್ಲೇ ವಿಚಾರಿಸಿ, ಏಜೆಂಟರ ಹತ್ತಿರ ಅಲ್ಲ.