ಗೋದಲಿ ಎಂಬ ಪದ ಉಳಿಯಬೇಕಾದರೆ

ತೀರ್ಥಹಳ್ಳಿ ಬಿಟ್ಟು ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಯಿತು, ಆರು ವರ್ಷದ ಮಗಳು ಇಲ್ಲಿನ ಶಾಲೆಯಲ್ಲಿ ಇಯರ್ ಟು, ಮಗನಿಗೆ ಈಗಷ್ಟೇ ಎರಡು ತುಂಬಿದೆ. ಯೇಸುಸ್ವಾಮಿಯ ಕಥೆಪುಸ್ತಕ ಊರಿಂದ ತರಿಸಲೋ ಇಲ್ಲೇ ಕೊಳ್ಳಲೋ, ಅಂಗಡಿಗೆ ಹೋದರೆ ತಲೆ ತಿರುಗುತ್ತದೆ ಎಂದು ಬರೆದಿದ್ದೀರಿ. ತಿರುಗದೆ ಏನು ಮಾಡೀತು ಮಾರಾಯ್ರೆ. ಶಿವಮೊಗ್ಗದಲ್ಲಿ ಹುಡುಕಿದರೆ ನಾಲ್ಕು ಸಿಗುತ್ತಿತ್ತು, ಇಲ್ಲಿ ಒಂದು ಕಪಾಟು ತುಂಬ ಇದೆ.

ಹತ್ತು ಹನ್ನೆರಡು ಪುಸ್ತಕದ ಡಬ್ಬಿ ಸೆಟ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮಾತ್ರ ಕೊಳ್ಳಬೇಡಿ. ಎರಡು ಪುಸ್ತಕ ಮಗನಿಗೆ ಸರಿಹೋಗುತ್ತವೆ, ಮೂರು ಮಗಳಿಗೆ. ಉಳಿದವು ಯಾರ ವಯಸ್ಸಿಗೂ ಸಲ್ಲದೆ ಮಂಚದಡಿ ಸೇರುತ್ತವೆ. ಒಂದೊಂದಾಗಿ, ವಯಸ್ಸು ನೋಡಿ, ತಿಂಗಳು ನೋಡಿ ತಗೊಳ್ಳಿ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕಥೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂಬ ಭಯ ಬೇಡ. ಶಾಲೆ, ಚರ್ಚು ಎರಡೂ ಸೇರಿ ಇಂಗ್ಲಿಷಿನಲ್ಲಿ ಹೇಳಿಯೇ ಹೇಳುತ್ತವೆ. ಕಳೆದುಹೋಗುವುದು ಗೋದಲಿ (ಹುಟ್ಟಿದ ಯೇಸುವನ್ನು ಮಲಗಿಸಿದ ಮೇವಿನ ತೊಟ್ಟಿ), ಶಿಲುಬೆ, ದೇವದೂತ, ಜಪಸರ, ಪರಮಪ್ರಸಾದ ಎಂಬ ಪದಗಳು. ಅವು ಹೋದವೆಂದರೆ ಊರಲ್ಲಿ ಅಜ್ಜಿ ಪ್ರಾರ್ಥನೆ ಹೇಳುವಾಗ ಮೊಮ್ಮಗಳು ಸುಮ್ಮನೆ ನೋಡುತ್ತ ಕೂರುತ್ತಾಳೆ. ಹಾಗಾಗಿ ಚಿಕ್ಕವರ ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರ ದೊಡ್ಡದಿರಬೇಕು, ಅಕ್ಷರ ಕಡಿಮೆಯಿರಬೇಕು. ಚಿತ್ರ ಅವರದು, ಮಾತು ನಿಮ್ಮದು. ಪುಟದಲ್ಲಿ ಹತ್ತು ಸಾಲು ಇಂಗ್ಲಿಷ್ ಇದ್ದರೆ ಕೆಲಸ ಮುಗಿಸಿ ಬಂದ ಅಪ್ಪ ಅಮ್ಮ ಅದನ್ನೇ ಓದಿ ಮುಗಿಸುತ್ತಾರೆ, ಕನ್ನಡಕ್ಕೆ ಜಾಗವೇ ಇರುವುದಿಲ್ಲ.

ಮಗನಿಗೆ ಸದ್ಯ ರಟ್ಟಿನ ಪುಸ್ತಕ ಸಾಕು, ಇಲ್ಲಿ ಬೋರ್ಡ್ ಬುಕ್ ಅಂತಾರೆ. ಮೂಲೆ ದುಂಡಗಿರಬೇಕು, ಪುಟಕ್ಕೆ ಒಂದೇ ವಾಕ್ಯವಿರಬೇಕು, ಹಿನ್ನೆಲೆಯಲ್ಲಿ ಗಿಜಿಗಿಜಿ ಇರಬಾರದು. ಎತ್ತಿ ನೋಡುವ ಕಿಟಕಿಗಳಿರುವ ಪುಸ್ತಕ ಆಸೆ ಹುಟ್ಟಿಸುತ್ತದೆ. ಕಿಟಕಿ ತೆಳು ಕಾಗದದ್ದಾದರೆ ಒಂದು ವಾರಕ್ಕೆ ಕಿತ್ತು ಬಾಯಿಗೆ ಹೋಗುತ್ತದೆ. ಗೊಂಬೆ, ಗುಂಡಿ, ಗಿಲಕಿ ಅಂಟಿಸಿದ್ದರೆ ಹಿಂಬದಿ ನೋಡಿ: 0-3 ಎಂದು ಬರೆದು ಅಡ್ಡಗೆರೆ ಹೊಡೆದ ಮಗುವಿನ ಮುಖವಿದ್ದರೆ ಅದು ಮೂರು ವರ್ಷದೊಳಗಿನವರಿಗಲ್ಲ. ಈ ವಯಸ್ಸಿಗೆ ನೋಹನ ನಾವೆ (ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ಹಡಗು) ಎಂದರೆ ಪ್ರಾಣಿಗಳ ಸಾಲು, ಅಷ್ಟೇ. ನಾಲ್ಕು ತುಂಬಿದ ಮೇಲೆ ‘ಹಡಗು ಹತ್ತದವರು ಏನಾದರು?’ ಎಂಬ ಪ್ರಶ್ನೆ ಬರುತ್ತದೆ. ಆಗ ರಟ್ಟಿನ ಪುಸ್ತಕ ಕೈಕೊಡುತ್ತದೆ, ಉತ್ತರ ನಿಮ್ಮ ಹತ್ತಿರ ಇರಬೇಕು.

ಮೂರರಿಂದ ಐದರವರೆಗೆ ಒಂದು ಪುಸ್ತಕಕ್ಕೆ ಒಂದೇ ಕಥೆ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಹತ್ತು ನಿಮಿಷದ ಓದು. ಕಳೆದುಹೋದ ಕುರಿ, ಐದು ರೊಟ್ಟಿ ಎರಡು ಮೀನು, ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯ, ಇಂಥವು ಈ ವಯಸ್ಸಿಗೆ ಹೇಳಿ ಮಾಡಿಸಿದ ಹಾಗಿವೆ. ಜಕ್ಕಾಯ ಹತ್ತಿದ ಸೈಕಮೋರ್ ಮರವನ್ನು ಇಲ್ಲಿನ ಎಷ್ಟೋ ಚಿತ್ರಕಾರರು ತಮ್ಮ ರಸ್ತೆಬದಿಯ ಸೈಕಮೋರ್ ಎಂದುಕೊಂಡು ಬರೆದುಬಿಡುತ್ತಾರೆ. ಹೆಸರು ಒಂದೇ, ಮರ ಬೇರೆ. ಬೈಬಲಿನಲ್ಲಿ ಈ ಕಥೆ ಬರೆದ ಲೂಕ ಹೇಳುವುದು ಅತ್ತಿಯ ಜಾತಿಯ ಮರ, ನಮ್ಮ ಹಳ್ಳದಂಚಿನ ಅತ್ತಿಮರಕ್ಕೆ ನೆಂಟ. ಮಗಳಿಗೆ ಅತ್ತಿಮರ ಎಂದೇ ಹೇಳಿ, ತುಂಗಾ ದಂಡೆಯಲ್ಲಿ ನೋಡಿದ್ದು ನೆನಪಾಗುತ್ತದೆ.

ಮಗಳ ವಯಸ್ಸಿನಲ್ಲಿ ಎರಡು ಗುಂಪು ಮಾಡಿಕೊಳ್ಳಬೇಕು: ಅವಳೇ ಓದುವುದು, ನೀವು ಓದಿಕೊಡುವುದು. ಶಾಲೆಯಲ್ಲಿ ಫೋನಿಕ್ಸ್ ಪ್ರಕಾರ ಅಕ್ಷರದ ಶಬ್ದ ಕೂಡಿಸಿ ಓದಲು ಕಲಿಸುತ್ತಾರೆ. ಬೈಬಲಿನ ಹೆಸರುಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ; ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಎದುರಿಗಿಟ್ಟರೆ ದೊಡ್ಡವರೇ ತಡವರಿಸುತ್ತಾರೆ. ಅವಳೇ ಓದುವ ಪುಸ್ತಕಕ್ಕೆ ಬೆರಳಿನ ಲೆಕ್ಕ ಇಡಿ: ಒಂದು ಪುಟ ಓದಿಸಿ, ತಿಳಿಯದ ಪದಕ್ಕೊಂದು ಬೆರಳು ಮಡಚಲಿ, ಐದೂ ಮಡಚಿದರೆ ಅದು ಇನ್ನೊಂದು ವರ್ಷಕ್ಕೆ. ನೀವು ಓದಿಕೊಡುವುದಕ್ಕೆ ಒಂದು ಒಳ್ಳೆಯ ಕಥಾ ಬೈಬಲ್ ಬೇಕು, ದುಡ್ಡು ಸುರಿಯಬೇಕಾದ್ದು ಅಲ್ಲಿ. ಕೊಳ್ಳುವ ಮುಂಚೆ ನಾಲ್ಕು ಕಡೆ ತೆರೆದು ನೋಡಿ. ಪರಿವಿಡಿಯಲ್ಲಿ ಹಳೆ ಒಡಂಬಡಿಕೆ (ಬೈಬಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗ) ಎಂದರೆ ನೋಹ, ದಾವೀದ, ಯೋನ ಮೂವರೇನಾ, ಅಥವಾ ರೂತಳು, ಸಮುವೇಲ, ಎಲೀಯರಿಗೂ ಜಾಗ ಇದೆಯಾ? ಶಿಲುಬೆಯ ಪುಟವನ್ನು ಹಾರಿಸಿ ನೇರ ಖಾಲಿ ಸಮಾಧಿಗೆ ಹೋಗಿದ್ದಾರಾ? ಸಮಾಧಿಗೆ ಮೊದಲು ಬಂದ ಹೆಂಗಸರು ಕಾಣುತ್ತಾರಾ? ಪ್ರತಿ ಕಥೆಯ ಕೊನೆಗೂ ‘ಆದ್ದರಿಂದ ನೀನು ಒಳ್ಳೆಯ ಮಗುವಾಗಿರು’ ಎಂದು ಬಾಲ ಅಂಟಿಸಿದ್ದಾರಾ? ಬಾಲ ಇದ್ದರೆ ಬಿಟ್ಟುಬಿಡಿ. ಆರು ವರ್ಷದ ಮಗುವಿಗೆ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಒಳ್ಳೆಯ ಸಮಾರಿಯದವನು ಯಾರು ಹೇಗೆ ಎಂಬುದು ಹೇಳದೆಯೇ ಅರ್ಥವಾಗುತ್ತದೆ.

ಚಿತ್ರದಲ್ಲಿ ಯೇಸು, ಮರಿಯಮ್ಮ ಇಬ್ಬರಿಗೂ ಹೊಂಬಣ್ಣದ ಕೂದಲು, ನೀಲಿ ಕಣ್ಣು ಬರೆದ ಹಳೆಯ ಪುಸ್ತಕಗಳು ಇನ್ನೂ ಓಡಾಡುತ್ತಿವೆ. ತರಗತಿಯಲ್ಲಿ ಕಂದುಬಣ್ಣದ ಮಗು ಒಂದೋ ಎರಡೋ ಇರುವಾಗ ಇದು ಸಣ್ಣ ವಿಷಯವಲ್ಲ. ಈಗ ಪಶ್ಚಿಮ ಏಷ್ಯಾದವರಂತೆಯೇ ಬರೆದ ಪುಸ್ತಕ ಸಾಕಷ್ಟಿವೆ, ಹುಡುಕಿ ತಗೊಳ್ಳಿ.

ಮಗಳ ಮೊದಲ ಪರಮಪ್ರಸಾದದ (ಚರ್ಚಿನ ಪೂಜೆಯಲ್ಲಿ ಮೊದಲ ಬಾರಿ ಪ್ರಸಾದ ಸ್ವೀಕರಿಸುವ ಸಂಸ್ಕಾರ) ವಿಷಯ. ಇಲ್ಲಿ ಹೆಚ್ಚಿನ ಕಡೆ ಇಯರ್ ತ್ರೀ ಅಥವಾ ಫೋರ್‌ನಲ್ಲಿ, ಎಂದರೆ ನಿಮಗೆ ಇನ್ನೊಂದೆರಡು ವರ್ಷ. ಮಕ್ಕಳ ಪೂಜಾಪುಸ್ತಕ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ರಾಶಿ ಸಿಗುತ್ತದೆ, ಅಲ್ಲೇ ಎಡವುವುದು. 2011ರ ಆಗಮನ ಕಾಲದಿಂದ (ಕ್ರಿಸ್ಮಸ್ ಮುಂಚಿನ ನಾಲ್ಕು ವಾರ) ಇಂಗ್ಲಿಷ್ ಬಲಿಪೂಜೆಯ (ಮಾಸ್) ಅನುವಾದ ಬದಲಾಗಿದೆ. ಗುರುಗಳು ‘ಪ್ರಭು ನಿಮ್ಮೊಡನಿರಲಿ’ ಎಂದಾಗ ಜನ ‘ಆ್ಯಂಡ್ ವಿತ್ ಯುವರ್ ಸ್ಪಿರಿಟ್’ ಎನ್ನಬೇಕು. ಪುಸ್ತಕದಲ್ಲಿ ‘ಆ್ಯಂಡ್ ಆಲ್ಸೋ ವಿತ್ ಯು’ ಎಂದಿದ್ದರೆ ಅದು ಹಳೆಯದು, ಮಗು ತಪ್ಪೇ ಕಲಿಯುತ್ತದೆ. ಬೆಲೆ ನೋಡುವ ಮುಂಚೆ ಆ ಒಂದು ಸಾಲು ನೋಡಿ. ಧರ್ಮೋಪದೇಶದ ಪುಸ್ತಕವಾದರೆ ಮೊದಲ ಪುಟಗಳಲ್ಲಿ ‘ಇಂಪ್ರಿಮಾಟುರ್’ ಎಂಬ ಪದ ಇದೆಯಾ ಹುಡುಕಿ. ಬಿಷಪರ ಒಪ್ಪಿಗೆ ಎಂದರ್ಥ.

ನಿಮ್ಮ ಪಕ್ಕದ ಮನೆಯವರು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರು) ಎಂದಿರಿ, ಅವರಿಗೂ ಇದನ್ನು ತೋರಿಸಿ. ಹತ್ತು ಆಜ್ಞೆಗಳ ಎಣಿಕೆ ಎರಡು ಕಡೆ ಬೇರೆ: ತಂದೆತಾಯಿಯನ್ನು ಗೌರವಿಸು ಎಂಬುದು ಕಥೋಲಿಕರಿಗೆ ನಾಲ್ಕನೆಯದು, ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್) ಮತ್ತು ಸಿಎಸ್ಐ ಕಡೆ ಐದನೆಯದು. ಮಗು ಚರ್ಚ್ ಆಫ್ ಇಂಗ್ಲೆಂಡ್ ಶಾಲೆಗೆ ಹೋಗಿ ಭಾನುವಾರ ಕಥೋಲಿಕ ಕ್ಲಾಸಿಗೆ ಹೋದರೆ ಎರಡು ಪುಸ್ತಕ ಎರಡು ಸಂಖ್ಯೆ ಹೇಳುತ್ತವೆ, ಯಾರೋ ತಪ್ಪು ಎಂದು ಜಗಳ ತೆಗೆಯಬೇಡಿ. ಬೈಬಲ್ ಕೊಳ್ಳುವಾಗಲೂ ಅಷ್ಟೇ: ಕಥೋಲಿಕ ಬೈಬಲಿಗೆ 73 ಪುಸ್ತಕ, ಪ್ರೊಟೆಸ್ಟೆಂಟ್ ಬೈಬಲಿಗೆ 66. ಉಡುಗೊರೆಯಾಗಿ ಬರುವ ಎನ್‌ಐವಿ (ಪ್ರೊಟೆಸ್ಟೆಂಟರ ಒಂದು ಇಂಗ್ಲಿಷ್ ಅನುವಾದ) ಪ್ರತಿಯಲ್ಲಿ ಆ ಹೆಚ್ಚಿನ ಏಳರಲ್ಲೊಂದಾದ ತೋಬಿತನ ಕಥೆ ಸಿಗುವುದಿಲ್ಲ.

ಒಂಬತ್ತು ಹತ್ತಕ್ಕೆ ಬಂದ ಮೇಲೆ ಕಥೆ ಬಿಟ್ಟು ಪೂರ್ತಿ ಬೈಬಲ್. ಸುಲಭ ಇಂಗ್ಲಿಷ್ ಬೇಕಾದರೆ ಗುಡ್ ನ್ಯೂಸ್ ಅನುವಾದದ ಕಥೋಲಿಕ ಆವೃತ್ತಿ. ಭಾನುವಾರ ಚರ್ಚಿನಲ್ಲಿ ಕೇಳುವ ಪಾಠವೇ ಕೈಯಲ್ಲೂ ಇರಬೇಕಾದರೆ ಇನ್ನೊಂದು ಅನುವಾದ, ಇಎಸ್‌ವಿಯ ಕಥೋಲಿಕ ಆವೃತ್ತಿ. ಭಾರತದ ಇಂಗ್ಲಿಷ್ ಪೂಜೆಗಳಿಗೆ ಅದು 2020ರಲ್ಲಿ ಬಂತು, ಇಂಗ್ಲೆಂಡಿಗೆ 2024ರ ಆಗಮನ ಕಾಲದಲ್ಲಿ. ಮಿಷನರಿಗಳ ಜೀವನಕಥೆ ಕೊಡುವ ಮುಂಚೆ ಮಾತ್ರ ನೀವೇ ಓದಿ ನೋಡಿ. ಹಳೆಯವುಗಳಲ್ಲಿ ಭಾರತ ಎಂದರೆ ಕತ್ತಲು, ಹಾವು, ಮೂಢನಂಬಿಕೆ. ತೀರ್ಥಹಳ್ಳಿಯಲ್ಲಿ ಪಕ್ಕದ ಮನೆಯವರ ದೀಪಾವಳಿಗೆ ಹೋಳಿಗೆ ತಿಂದ ಮಗುವಿಗೆ ಅದನ್ನು ಕೊಟ್ಟರೆ ತನ್ನೂರನ್ನೇ ಬೇರೆ ಕಣ್ಣಲ್ಲಿ ನೋಡಲು ಕಲಿಯುತ್ತದೆ. ಅದಕ್ಕಿಂತ 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಜರ್ಮನ್ ಮಿಷನರಿ ಕಿಟೆಲ್ ಕಥೆ ನೀವೇ ಬಾಯಲ್ಲಿ ಹೇಳುವುದು ವಾಸಿ.

ಇನ್ನು ತಿಂಗಳುಗಳು. ಊರಲ್ಲಿ ಸೆಪ್ಟೆಂಬರ್ 8ಕ್ಕೆ ಮರಿಯ ಮಾತೆಯ ಹುಟ್ಟುಹಬ್ಬ, ಹೊಸ ತೆನೆ, ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ. ಇಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಹಾರ್ವೆಸ್ಟ್ ಹಬ್ಬ, ಶಾಲೆಗೆ ಡಬ್ಬಿ ಆಹಾರ ಕೊಟ್ಟು ಕಳಿಸಿ ಎಂದು ಚೀಟಿ ಬರುತ್ತದೆ. ಬಿತ್ತುವವನ ಸಾಮತಿ (ಯೇಸು ಹೇಳಿದ ದೃಷ್ಟಾಂತ ಕಥೆ), ಹೊಲದಲ್ಲಿ ತೆನೆ ಆಯ್ದ ರೂತಳ ಕಥೆ ಆಗ ಕೈಗೆ ಕೊಡಿ. ಎರಡು ಹಬ್ಬ ಒಂದೇ ಪುಸ್ತಕದಲ್ಲಿ ಕೂಡುತ್ತವೆ.

ಈ ವರ್ಷ, ಅಂದರೆ 2026ರಲ್ಲಿ, ಆಗಮನ ಕಾಲ ನವೆಂಬರ್ 29ರ ಭಾನುವಾರ ಶುರು. ಅಂಗಡಿಯ ಚಾಕಲೇಟ್ ಕ್ಯಾಲೆಂಡರ್ ಡಿಸೆಂಬರ್ 1ಕ್ಕೆ. ದಿನಕ್ಕೊಂದರಂತೆ 24 ಪುಸ್ತಕ ಬಣ್ಣದ ಕಾಗದದಲ್ಲಿ ಸುತ್ತಿಡುವ ಗೀಳು ಇಲ್ಲಿದೆ, ಅದಕ್ಕೆ ಬೀಳಬೇಡಿ. ಹತ್ತನೇ ದಿನಕ್ಕೆ ಮಗು ಕಾಗದ ಹರಿದು ಪುಸ್ತಕ ಪಕ್ಕಕ್ಕೆಸೆಯುತ್ತದೆ. ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ, ನಾಲ್ಕು ಪುಸ್ತಕ. ಪ್ರವಾದಿ ಯೆಶಾಯನ ಮಾತು ಮೊದಲ ವಾರ, ಸ್ನಾನಿಕ ಯೊವಾನ್ನ ಎರಡು, ಮಂಗಳವಾರ್ತೆ (ದೇವದೂತ ಮರಿಯಮ್ಮನಿಗೆ ತಂದ ಸುದ್ದಿ) ಮೂರು, ಬೆತ್ಲೆಹೇಮಿನ ದಾರಿ ನಾಲ್ಕು. ಸಾಲು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಓದಲು ಹೊತ್ತಿಗೇನೂ ಬರವಿಲ್ಲ.

ಕ್ರಿಸ್ಮಸ್ ಪುಸ್ತಕ ಕೊಳ್ಳುವ ಮುಂಚಿನ ರಾತ್ರಿ ಲೂಕನ ಎರಡನೇ ಅಧ್ಯಾಯದ ಮೊದಲ 20 ವಚನ, ಮತ್ತಾಯನ ಎರಡನೇ ಅಧ್ಯಾಯದ ಮೊದಲ 12 ವಚನ ಕನ್ನಡದಲ್ಲಿ ಓದಿಕೊಂಡು ಹೋಗಿ. ಆಮೇಲೆ ಕಣ್ಣಿಗೆ ಬೀಳುತ್ತದೆ: ಕತ್ತೆಯ ಮಾತು ಲೂಕನಲ್ಲಿಲ್ಲ, ಬಾಗಿಲಲ್ಲಿ ಗದರುವ ಛತ್ರದವನೂ ಇಲ್ಲ, ಜ್ಞಾನಿಗಳು ಮೂವರೇ ಎಂದು ಮತ್ತಾಯ ಎಣಿಸಿಲ್ಲ, ಕುರುಬರು ಬಂದ ರಾತ್ರಿಯೇ ಅವರೂ ಬಂದರು ಎಂದೂ ಹೇಳಿಲ್ಲ. ಶಾಲೆಯ ನಾಟಕದಲ್ಲಿ ಇವೆಲ್ಲ ಇರುತ್ತವೆ, ಇರಲಿ, ಮಗಳು ಕತ್ತೆಯ ಪಾತ್ರ ಮಾಡಿದರೆ ಖುಷಿಯಿಂದ ಚಪ್ಪಾಳೆ ತಟ್ಟಿ. ಮನೆಯ ಪುಸ್ತಕ ಮಾತ್ರ ಮೂಲಕ್ಕೆ ಹತ್ತಿರವಿರಲಿ. ಗೋದಲಿಯ ಚಿತ್ರದಲ್ಲಿ ಹಿಮದ ರಾಶಿ ಇದ್ದರೆ ಅದು ಯುರೋಪಿನ ಕೊಟ್ಟಿಗೆ. ನಮ್ಮ ಮಲೆನಾಡಿನ ಕೊಟ್ಟಿಗೆ ಕಂಡ ಮಗುವಿಗೆ ಹಸುವಿನ ಮುಂದೆ ಹುಲ್ಲು ಹಾಕುವ ಜಾಗವೇ ಗೋದಲಿ ಎಂದರೆ ಬೇರೆ ವಿವರಣೆ ಬೇಡ. ಈ ಸಲದ ಕ್ರಿಸ್ಮಸ್ ಕಾಲ 2027ರ ಜನವರಿ 10ರ ಪ್ರಭುವಿನ ಸ್ನಾನದ ಹಬ್ಬದವರೆಗೆ. ಅಂಗಡಿಗಳು ಡಿಸೆಂಬರ್ 26ಕ್ಕೇ ಅರ್ಧ ಬೆಲೆಗೆ ಇಳಿಸಿರುತ್ತವೆ. ಮುಂದಿನ ವರ್ಷದ್ದು ಅಂದೇ ಕೊಂಡಿಟ್ಟುಕೊಳ್ಳಿ, ಆದರೆ ಈಗಿನ ವಯಸ್ಸಿಗಲ್ಲ, ಒಂದು ವರ್ಷ ಕೂಡಿಸಿ.

2027ರ ಬೂದಿ ಬುಧವಾರ (ತಪಸ್ಸುಕಾಲದ ಮೊದಲ ದಿನ) ಫೆಬ್ರವರಿ 10, ಪಾಸ್ಖ (ಈಸ್ಟರ್) ಮಾರ್ಚ್ 28. ಅಂದೇ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಪೂಜೆಗೆ ತಡವಾಗದಂತೆ ನೋಡಿಕೊಳ್ಳಿ. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮಗನಿಗೆ ಮೊಳೆ, ರಕ್ತ ಬರೆದ ಪುಸ್ತಕ ಬೇಡ. ಶಿಲುಬೆ, ಅಳುವ ಸ್ನೇಹಿತರು, ಮುಚ್ಚಿದ ಕಲ್ಲು, ತೆರೆದ ಕಲ್ಲು ಇಷ್ಟು ಸಾಕು. ಅಂಗಡಿ ತುಂಬ ಮೊಲ, ಮೊಟ್ಟೆ. ಪಾಸ್ಖ ಮುಗಿದ ಮೇಲೆ ಮೇ 16ರ ಪಂಚಾಶತ್ತಮದವರೆಗೆ (ಪವಿತ್ರಾತ್ಮರು ಇಳಿದುಬಂದ ಹಬ್ಬ) ಪುಸ್ತಕಗಳೇ ಕಡಿಮೆ. ಮತ್ತೆ ಎದ್ದ ಯೇಸು ಇಬ್ಬರು ಶಿಷ್ಯರ ಜೊತೆ ನಡೆದ ಎಮ್ಮಾವುಸಿನ ದಾರಿ ಮತ್ತು ಕೆರೆದಂಡೆಯಲ್ಲಿ ಯೇಸು ಮೀನು ಸುಟ್ಟುಕೊಟ್ಟ ಕಥೆ ಸಿಕ್ಕರೆ ಬಿಡಬೇಡಿ. ಪೇತ್ರನ ಬಲೆಗೆ ಸಿಕ್ಕಿದ್ದು 153 ಮೀನು. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿನ ಗದ್ದಲ ಕಂಡವರಿಗೆ ಆ ಪುಟ ಹೇಗೆ ಹೇಳಬೇಕೆಂದು ಯಾರೂ ಕಲಿಸಬೇಕಿಲ್ಲ. ಆಮೇಲಿನ ಸಾಧಾರಣ ಕಾಲಕ್ಕೆ ಸಾಮತಿಗಳು ಧಾರಾಳವಾಗಿ ಸಾಕು.

ಹಬ್ಬದ ಪಟ್ಟಿಗೆ ಸೇರದ ಒಂದು ಸಂದರ್ಭವಿದೆ: ಊರಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡ ಸುದ್ದಿ. ಅಂಥ ಪುಸ್ತಕ ಮೊದಲೇ ಒಂದು ಮನೆಯಲ್ಲಿರಲಿ. ‘ನಿದ್ದೆ ಹೋದರು’, ‘ದೂರ ಪ್ರಯಾಣ ಹೋದರು’ ಎನ್ನುವ ಪುಸ್ತಕ ಬೇಡ. ಮಕ್ಕಳು ನಿದ್ದೆಗೇ ಹೆದರುತ್ತಾರೆ, ನೀವು ವಿಮಾನ ಹತ್ತಿದರೆ ಅಳುತ್ತಾರೆ. ಸತ್ತರು ಎಂಬ ಪದ ನೇರ ಇರುವುದನ್ನೇ ಆರಿಸಿ.

ದುಡ್ಡಿನ ವಿಷಯ: ಹೊಸ ಚಿತ್ರಪುಸ್ತಕ ಏಳೆಂಟು ಪೌಂಡ್, ಗಟ್ಟಿ ರಟ್ಟಿನ ಹೊದಿಕೆಯದು ಹತ್ತು ದಾಟುತ್ತದೆ. ಚಾರಿಟಿ ಅಂಗಡಿಯಲ್ಲಿ ಒಂದೆರಡು ಪೌಂಡಿಗೆ ಸಿಗುತ್ತದೆ. ಅದಕ್ಕೂ ಮುಂಚೆ ನಿಮ್ಮ ಕೌನ್ಸಿಲ್ಲಿನ ಗ್ರಂಥಾಲಯಕ್ಕೆ ಸೇರಿ, ಕಾಸಿಲ್ಲ, ಎರಡು ವರ್ಷದ ಮಗನಿಗೂ ಪ್ರತ್ಯೇಕ ಕಾರ್ಡು ಕೊಡುತ್ತಾರೆ. ಮಕ್ಕಳ ವಿಭಾಗದಲ್ಲಿ 220ರ ಸಂಖ್ಯೆಯ ಸಾಲು ಬೈಬಲ್ ಕಥೆಗಳದ್ದು. ಕ್ರಿಸ್ಮಸ್ ಪುಸ್ತಕಗಳಿಗೆ ಈಗಲೇ ರಿಸರ್ವ್ ಹಾಕಿ, ಡಿಸೆಂಬರ್ ಬಂದ ಮೇಲೆ ಕಪಾಟು ಖಾಲಿ.

ಊರಿಂದ ತರಿಸಬೇಕಾದ್ದು ಒಂದೇ: ಚಿತ್ರವಿರುವ ಕನ್ನಡ ಮಕ್ಕಳ ಬೈಬಲ್. ಒಂದೇ ಆವೃತ್ತಿಯ ಎರಡು ಪ್ರತಿ ಕೊಳ್ಳಿಸಿ, ಒಂದು ಅಜ್ಜಿಯ ಹತ್ತಿರ, ಒಂದು ನಿಮ್ಮ ಹತ್ತಿರ. ಒಂದೇ ಪ್ರತಿ ಇದ್ದರೆ ವಿಡಿಯೋ ಕರೆಯಲ್ಲಿ ಅಜ್ಜಿ ಪುಸ್ತಕವನ್ನು ಕ್ಯಾಮೆರಾಗೆ ತಿರುಗಿಸುತ್ತಾರೆ, ಆಗ ಅವರಿಗೇ ಓದಲು ಬರುವುದಿಲ್ಲ. ತಮ್ಮತ್ತ ತಿರುಗಿಸಿಕೊಂಡರೆ ಮಗುವಿಗೆ ಚಿತ್ರ ಕಾಣುವುದಿಲ್ಲ, ಎದ್ದು ಓಡುತ್ತದೆ. ಎರಡು ಪ್ರತಿ ಇದ್ದರೆ ‘ಹನ್ನೆರಡನೇ ಪುಟ ತೆಗಿ ಮಗಾ’ ಎಂದರೆ ಆಯಿತು. ಅಕ್ಟೋಬರ್ 25ರ ನಂತರ ಊರು ನಮಗಿಂತ ಐದೂವರೆ ಗಂಟೆ ಮುಂದೆ, ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆ. ಅಜ್ಜಿ ತೂಕಡಿಸುತ್ತಾರೆ. ಶನಿವಾರ ಇಲ್ಲಿ ಬೆಳಗ್ಗೆ ಹತ್ತಕ್ಕೆ ಕರೆ ಮಾಡಿ, ಅಲ್ಲಿ ಮೂರೂವರೆ, ಕಾಫಿ ಕುಡಿದು ಕೂತಿರುತ್ತಾರೆ.

ಅಜ್ಜಿಯ ಪ್ರತಿಯನ್ನು ಗೋಡೆಗೆ ಒತ್ತಿದ ಮರದ ಕಪಾಟಿನಲ್ಲಿ ಇಡುವುದು ಬೇಡವೆನ್ನಿ. ಆ ಕಡೆಯ ಜುಲೈ ಮಳೆಗೆ ಗೋಡೆಯೇ ಬೆವರುತ್ತದೆ, ಒಂದು ತಿಂಗಳಲ್ಲಿ ಬೂಸ್ಟು ಹಿಡಿದು ನುಣುಪು ಪುಟಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಿದರೆ ಚಿತ್ರ ಸಮೇತ ಕಿತ್ತುಬರುತ್ತವೆ. ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಿ, ಒಳಗೆ ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಪೊಟ್ಟಣ ನಾಲ್ಕೈದು. ಓದಿದ ಕೂಡಲೇ ಮತ್ತೆ ಡಬ್ಬಿಗೆ.