ಜೈಲಿನಿಂದ ಬಂದ ಆಫ್ರಿಕಾದ ನಾಯಕರು ತಾವೇ ಜೈಲು ತುಂಬಿಸಿದ್ದು ಯಾಕೆ?

ನೀವು ಕೇಳಿರುವುದು ಇಷ್ಟು: ಜಾಂಬಿಯಾ, ಮಲಾವಿ, ಜಿಂಬಾಬ್ವೆ ಈ ಮೂರೂ ದೇಶಗಳ ಸ್ವಾತಂತ್ರ್ಯ ಹೋರಾಟಗಾರರು ಬಿಳಿಯರ ಆಳ್ವಿಕೆಯಲ್ಲಿ ಜೈಲು ಕಂಡವರು. ಅಧಿಕಾರ ಸಿಕ್ಕ ಮೇಲೆ ಅವರೇ ತಮ್ಮ ವಿರೋಧಿಗಳನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದರು. ಇದಕ್ಕೆ ವಸಾಹತು ಆಳ್ವಿಕೆ ಕಾರಣವೋ, ಆ ನಾಯಕರ ಅಧಿಕಾರದಾಸೆಯೋ?

ನಾನು ವೃತ್ತಿಯಲ್ಲಿ ವಕೀಲ. ಇತಿಹಾಸ ಓದುವಾಗಲೂ ನಾಯಕರ ಭಾಷಣಕ್ಕಿಂತ ಆ ಕಾಲದ ಕಾನೂನಿನ ಕಡೆಗೇ ಗಮನ ಜಾಸ್ತಿ ಹೋಗುತ್ತದೆ. ಅದೇ ದಾರಿಯಲ್ಲಿ ಉತ್ತರ ಹೇಳುತ್ತೇನೆ. ಆ ಕಾನೂನುಗಳನ್ನು ಬರೆದವರು ಬ್ರಿಟಿಷ್ ಅಧಿಕಾರಿಗಳು ಮತ್ತು ಅಲ್ಲಿ ನೆಲೆಸಿದ್ದ ಬಿಳಿಯರು. ಅವನ್ನು ತೆಗೆದುಹಾಕುವ ಅಧಿಕಾರ ಕೈಗೆ ಬಂದಾಗಲೂ ಹಾಗೇ ಇಟ್ಟುಕೊಂಡವರು ಹೊಸ ನಾಯಕರು. ಎರಡರಲ್ಲಿ ಒಂದನ್ನೇ ಹೇಳಿದರೆ ಅನ್ಯಾಯವಾಗುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಇವತ್ತಿನ ಜಿಂಬಾಬ್ವೆ ಆಗ ದಕ್ಷಿಣ ರೊಡೇಷಿಯಾ, ಜಾಂಬಿಯಾ ಉತ್ತರ ರೊಡೇಷಿಯಾ, ಮಲಾವಿ ನ್ಯಾಸಾಲ್ಯಾಂಡ್. ಎರಡೂ ರೊಡೇಷಿಯಾಗಳನ್ನು ಮೊದಲು ಆಳಿದ್ದು ಸೆಸಿಲ್ ರೋಡ್ಸ್ ಕಟ್ಟಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ. 1889ರಲ್ಲಿ ಅದಕ್ಕೆ ರಾಣಿಯ ಸನ್ನದು ಸಿಕ್ಕಿತು. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ಮೂವತ್ತು ವರ್ಷ ಆಗಿತ್ತು. ಅಲ್ಲಿ ಕಂಪನಿ ಸರ್ಕಾರ ಆಗ ತಾನೇ ಶುರುವಾಯಿತು. ಅದಕ್ಕೆ ತನ್ನದೇ ಪೊಲೀಸ್ ಪಡೆ ಇತ್ತು. ಗುಡಿಸಲಿಗೆ ಇಷ್ಟು ಅಂತ ತೆರಿಗೆ ಹಾಕಿದರು. ತೆರಿಗೆಗೆ ದುಡ್ಡು ಬೇಕು, ದುಡ್ಡು ಸಿಗುವುದು ಬಿಳಿಯರ ಗಣಿ ಮತ್ತು ಫಾರ್ಮ್‌ಗಳಲ್ಲಿ. ಹೀಗೆ ಊರಿನ ಗಂಡಸರು ಕೂಲಿಗೆ ಹೊರಡಲೇಬೇಕಾಯಿತು. 1930ರ ಭೂಮಿ ಹಂಚಿಕೆ ಕಾನೂನು ದಕ್ಷಿಣ ರೊಡೇಷಿಯಾದ ಸುಮಾರು ಅರ್ಧ ಭೂಮಿಯನ್ನು ಬೆರಳೆಣಿಕೆಯಷ್ಟಿದ್ದ ಬಿಳಿಯರಿಗೆ ಬರೆದುಕೊಟ್ಟಿತು.

ಹಳ್ಳಿಯ ಜನ ಕಂಡ ಸರ್ಕಾರ ಅಂದರೆ ಬೋಮಾ, ಅಂದರೆ ಜಿಲ್ಲಾಧಿಕಾರಿಯ ಕಚೇರಿ. ಅಲ್ಲಿ ಕೂತ ಒಬ್ಬ ಅಧಿಕಾರಿಯೇ ತೆರಿಗೆ ವಸೂಲಿ ಮಾಡಿಸುತ್ತಿದ್ದ, ಅವನೇ ಮ್ಯಾಜಿಸ್ಟ್ರೇಟ್ ಆಗಿ ಶಿಕ್ಷೆಯನ್ನೂ ಕೊಡುತ್ತಿದ್ದ. ಅವನನ್ನು ಪ್ರಶ್ನಿಸಲು ಜನರಿಗೆ ಮತವೂ ಇರಲಿಲ್ಲ, ಪ್ರತಿನಿಧಿಯೂ ಇರಲಿಲ್ಲ. 1935ರಲ್ಲಿ ತೆರಿಗೆ ಏರಿಸಿದ್ದಕ್ಕೆ ಉತ್ತರ ರೊಡೇಷಿಯಾದ ತಾಮ್ರದ ಗಣಿ ಕೆಲಸಗಾರರು ಮುಷ್ಕರ ಮಾಡಿದರು. ಲುವಾನ್ಷ್ಯಾದಲ್ಲಿ ಪೊಲೀಸರ ಗುಂಡಿಗೆ ಆರು ಜನ ಬಲಿಯಾದರು.

1953ರಲ್ಲಿ ಈ ಮೂರೂ ಪ್ರಾಂತ್ಯಗಳನ್ನು ಸೇರಿಸಿ ಒಂದು ಒಕ್ಕೂಟ ಮಾಡಿದರು. ಆಫ್ರಿಕನ್ನರು ಬೇಡ ಅಂತ ಮೊದಲಿಂದಲೂ ಹೇಳುತ್ತಿದ್ದರು. ಕರಿಯರು ಬಿಳಿಯರ ಪಾಲುದಾರಿಕೆ ಅಂತ ಲಂಡನ್ ಹೇಳಿತು. ಒಕ್ಕೂಟದ ಮೊದಲ ಪ್ರಧಾನಿ ಗಾಡ್‌ಫ್ರಿ ಹಗಿನ್ಸ್ ಆ ಪಾಲುದಾರಿಕೆಯನ್ನು ಕುದುರೆ ಮತ್ತು ಸವಾರನ ಸಂಬಂಧಕ್ಕೆ ಹೋಲಿಸಿದ್ದರು. ಉತ್ತರದ ತಾಮ್ರದ ಆದಾಯ ದಕ್ಷಿಣ ರೊಡೇಷಿಯಾದಲ್ಲಿದ್ದ ರಾಜಧಾನಿ ಸಾಲಿಸ್ಬರಿಯ ಕಡೆ ಹರಿಯಿತು. ಜಾಂಬೆಜಿ ನದಿಗೆ ಕರಿಬಾ ಅಣೆಕಟ್ಟು ಕಟ್ಟಿದಾಗ 50 ಸಾವಿರಕ್ಕೂ ಹೆಚ್ಚು ಟೋಂಗಾ ಜನ ಊರು ಬಿಟ್ಟರು. ವಿದ್ಯುತ್ ಕೇಂದ್ರ ಮಾತ್ರ ದಕ್ಷಿಣದ ದಡದಲ್ಲಿ ಬಂತು.

ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇಲ್ಲಿಂದ ಮುಂದಿದೆ. 1958ರ ಜುಲೈನಲ್ಲಿ, ಮುಂದೆ ಮಲಾವಿಯನ್ನು ಆಳಿದ ಡಾ. ಹೇಸ್ಟಿಂಗ್ಸ್ ಬಾಂಡಾ ಹಲವು ದಶಕಗಳ ನಂತರ ನ್ಯಾಸಾಲ್ಯಾಂಡಿಗೆ ಮರಳಿದರು. ಒಕ್ಕೂಟದ ವಿರುದ್ಧ ಚಳವಳಿ ಜೋರಾಯಿತು. 1959ರ ಮಾರ್ಚ್ 3ರಂದು ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದರು. ಬಾಂಡಾ ಸೇರಿ ನೂರಾರು ಜನರನ್ನು ಹಿಡಿದರು. ಅದೇ ದಿನ ಎನ್‌ಕಾಟಾ ಬೇಯಲ್ಲಿ ಗುಂಡಿಗೆ 20 ಜನ ಸತ್ತರು. ಬ್ರಿಟನ್ನಿನ ನ್ಯಾಯಾಧೀಶ ಡೆವ್ಲಿನ್ ಅವರ ಆಯೋಗ ಬಂದು ತನಿಖೆ ಮಾಡಿತು. ನ್ಯಾಸಾಲ್ಯಾಂಡ್ ಸದ್ಯಕ್ಕೆ ಪೊಲೀಸ್ ರಾಜ್ಯವಾಗಿದೆ ಅಂತ ಆ ವರದಿ ನೇರವಾಗಿ ಬರೆಯಿತು. ಲಂಡನ್ ಸರ್ಕಾರಕ್ಕೆ ಅದು ಹಿಡಿಸಲಿಲ್ಲ.

ಕಾನೂನುಗಳೂ ಅದೇ ಹೊತ್ತಿಗೆ ಬಂದವು. ದಕ್ಷಿಣ ರೊಡೇಷಿಯಾದಲ್ಲಿ 1959ರಲ್ಲಿ ಮುಂಜಾಗ್ರತಾ ಬಂಧನದ ಕಾನೂನು, 1960ರಲ್ಲಿ ಕಾನೂನು ಸುವ್ಯವಸ್ಥೆ ಪಾಲನೆಯ ಕಾಯ್ದೆ. ಈ ಎರಡನೆಯದು ಎಷ್ಟು ಕಠೋರವಾಗಿತ್ತೆಂದರೆ ಒಕ್ಕೂಟದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ಟ್ರೆಡ್‌ಗೋಲ್ಡ್ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಉತ್ತರ ರೊಡೇಷಿಯಾದಲ್ಲೂ 1960ರಲ್ಲೇ ಸಾರ್ವಜನಿಕ ಭದ್ರತೆಯ ಕಾನೂನು ಬಂತು. ವಸಾಹತು ಆಳ್ವಿಕೆ ಹೊರಡುವ ಹೊತ್ತಿಗೆ ಮೆತ್ತಗಾಗಿತ್ತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಆದರೆ ಅತ್ಯಂತ ಕ್ರೂರವಾದ ಕಾನೂನುಗಳು ಹುಟ್ಟಿದ್ದು ಕೊನೆಯ ಐದಾರು ವರ್ಷಗಳಲ್ಲಿ. ಹೊಸ ನಾಯಕರ ಕೈಗೆ ಬಂದದ್ದು ಆಗ ತಾನೇ ಹರಿತ ಮಾಡಿಟ್ಟ ಕತ್ತಿ. ಅದನ್ನು ಬಳಸುವುದು ಗೊತ್ತಿದ್ದ ಪೊಲೀಸರೂ ಗುಮಾಸ್ತರೂ ಜೊತೆಗೇ ಬಂದರು. ಸ್ವಾತಂತ್ರ್ಯದ ದಿನ ಇಡೀ ಜಾಂಬಿಯಾದಲ್ಲಿ ಪದವಿ ಪಡೆದ ಆಫ್ರಿಕನ್ನರು ಸುಮಾರು ನೂರು ಜನ. ರಾತ್ರೋರಾತ್ರಿ ಬೇರೆ ಥರದ ಆಡಳಿತ ಕಟ್ಟಲು ಜನ ಎಲ್ಲಿಂದ ಬರಬೇಕು?

ಜಾಂಬಿಯಾದ ಕಥೆ ನೋಡಿ. 1964ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಮೂರು ತಿಂಗಳು ಇರುವಾಗ, ಆಲಿಸ್ ಲೆನ್ಶಿನಾ ಎಂಬಾಕೆಯ ಲುಂಪಾ ಚರ್ಚಿನ ಅನುಯಾಯಿಗಳಿಗೂ ಮುಂದೆ ದೇಶದ ಮೊದಲ ಅಧ್ಯಕ್ಷರಾದ ಕೆನೆತ್ ಕೌಂಡಾ ಅವರ ಪಕ್ಷದವರಿಗೂ ಘರ್ಷಣೆ ನಡೆಯಿತು. ಸೈನ್ಯ ಇಳಿಯಿತು. ನೂರಾರು ಜನ ಸತ್ತರು. ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದರು. ಅಕ್ಟೋಬರ್ 24ಕ್ಕೆ ಬ್ರಿಟಿಷ್ ಧ್ವಜ ಇಳಿಯಿತು, ತುರ್ತು ಪರಿಸ್ಥಿತಿ ಇಳಿಯಲಿಲ್ಲ. ಅದು ಕೌಂಡಾ ಆಳಿದ ಅಷ್ಟೂ ವರ್ಷ, 1991ರವರೆಗೆ, ಮುಂದುವರಿಯಿತು.

ಕೌಂಡಾ ಅವರ ಭಯ ಸುಳ್ಳಲ್ಲ. ಸುತ್ತಲೂ ಶತ್ರುಗಳಿದ್ದರು. 1965ರ ನವೆಂಬರ್ 11ರಂದು ದಕ್ಷಿಣ ರೊಡೇಷಿಯಾದ ಪ್ರಧಾನಿ ಇಯಾನ್ ಸ್ಮಿತ್ ಅಲ್ಲಿ ಬಿಳಿಯರ ಆಳ್ವಿಕೆ ಉಳಿಸಿಕೊಳ್ಳಲು ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿದರು. ಅಂಗೋಲಾ, ಮೊಜಾಂಬಿಕ್ ಪೋರ್ಚುಗೀಸರ ಕೈಯಲ್ಲಿದ್ದವು. ಸಮುದ್ರಕ್ಕೆ ಹೋಗುವ ದಾರಿಯೇ ಕಷ್ಟವಾಯಿತು. ಚೀನಾದ ನೆರವಿನಿಂದ ಟಾಂಜಾನಿಯಾಕ್ಕೆ 1,860 ಕಿಲೋಮೀಟರ್ ರೈಲು ಹಾಕಬೇಕಾಯಿತು. ಜಿಂಬಾಬ್ವೆಯ ಹೋರಾಟಗಾರ ಹರ್ಬರ್ಟ್ ಚಿಟೆಪೊ 1975ರಲ್ಲಿ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲೇ ಕಾರ್ ಬಾಂಬಿಗೆ ಬಲಿಯಾದರು. ಗಾಂಧಿಯನ್ನು ಗುರು ಅಂತ ನಂಬಿದ್ದ ಕೌಂಡಾ ಅಷ್ಟೆಲ್ಲ ನಷ್ಟ ಸಹಿಸಿ ನೆರೆಯ ಹೋರಾಟಗಳಿಗೆ ಆಸರೆ ಕೊಟ್ಟರು. ಅದಕ್ಕಾಗಿ ನನಗೆ ಅವರ ಮೇಲೆ ಇವತ್ತಿಗೂ ಗೌರವ ಇದೆ.

ಆದರೆ ಸೈಮನ್ ಕಪ್ವೆಪ್ವೆ ರೊಡೇಷಿಯಾದ ಗೂಢಚಾರರಾಗಿರಲಿಲ್ಲ. ಅವರು ಕೌಂಡಾರ ಬಾಲ್ಯದ ಗೆಳೆಯ, ಉಪಾಧ್ಯಕ್ಷರಾಗಿದ್ದವರು. 1971ರಲ್ಲಿ ಬೇರೆ ಪಕ್ಷ ಕಟ್ಟಿದರು, ಅಷ್ಟೇ. 1972ರ ಫೆಬ್ರವರಿಯಲ್ಲಿ ಆ ಪಕ್ಷಕ್ಕೆ ನಿಷೇಧ ಬಿತ್ತು, ಕಪ್ವೆಪ್ವೆ ಮತ್ತು ನೂರಕ್ಕೂ ಹೆಚ್ಚು ಜನ ಒಳಗೆ ಹೋದರು. ಆ ವರ್ಷದ ಕೊನೆಗೆ ದೇಶದಲ್ಲಿ ಒಂದೇ ಪಕ್ಷ ಉಳಿಯಿತು. 1981ರಲ್ಲಿ ಕಾರ್ಮಿಕ ನಾಯಕ ಫ್ರೆಡರಿಕ್ ಚಿಲುಬಾ ಅವರನ್ನು ವಿಚಾರಣೆ ಇಲ್ಲದೆ ಬಂಧಿಸಿದರು. ಹತ್ತು ವರ್ಷದ ಮೇಲೆ ಅದೇ ಚಿಲುಬಾ ಚುನಾವಣೆಯಲ್ಲಿ ಕೌಂಡಾರನ್ನು ಸೋಲಿಸಿದರು. ಕೌಂಡಾ ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟರು. ಅದು ದೊಡ್ಡತನ. 1997ರ ಕ್ರಿಸ್‌ಮಸ್ ದಿನ ಚಿಲುಬಾ ಸರ್ಕಾರ ಕೌಂಡಾರನ್ನೇ ಬಂಧಿಸಿತು. ಆಗಲೂ ತುರ್ತು ಪರಿಸ್ಥಿತಿ, ಆಗಲೂ ಅದೇ 1960ರ ಕಾಲದ ಭದ್ರತಾ ಕಾನೂನು. ಬಂಧಿಸಿದವನು ಬಂಧಿತನಾದ, ಬಂಧಿತನಾಗಿದ್ದವನು ಬಂಧಿಸಿದ. ಕಾನೂನು ಮಾತ್ರ ಅಲ್ಲಾಡಲಿಲ್ಲ.

ಮಲಾವಿಯದ್ದು ಇನ್ನೂ ಕೆಟ್ಟದಾಯಿತು. 1964ರ ಜುಲೈ 6ಕ್ಕೆ ಸ್ವಾತಂತ್ರ್ಯ. ಎರಡೇ ತಿಂಗಳಲ್ಲಿ ಬಾಂಡಾ ತಮ್ಮ ಯುವ ಮಂತ್ರಿಗಳ ಜೊತೆ ಜಗಳ ಮಾಡಿ ಕೆಲವರನ್ನು ತೆಗೆದುಹಾಕಿದರು, ಉಳಿದವರು ರಾಜೀನಾಮೆ ಕೊಟ್ಟರು. 1971ರಲ್ಲಿ ತಾವೇ ಜೀವನಪೂರ್ತಿ ಅಧ್ಯಕ್ಷರಾದರು. ತೆಗೆದುಹಾಕಿದ ಮಂತ್ರಿಗಳಲ್ಲಿ ಓರ್ಟನ್ ಚಿರ್ವಾ ಒಬ್ಬರು. ದೇಶದ ಮೊದಲ ನ್ಯಾಯ ಮಂತ್ರಿ. 1981ರ ಕೊನೆಗೆ ಅವರನ್ನೂ ಪತ್ನಿ ವೀರಾ ಅವರನ್ನೂ ಹಿಡಿದರು. ವೀರಾ ಮಲಾವಿಯ ಮೊದಲ ಮಹಿಳಾ ವಕೀಲರು. ಇಬ್ಬರ ವಿಚಾರಣೆ ನಡೆದದ್ದು 'ಸಾಂಪ್ರದಾಯಿಕ ನ್ಯಾಯಾಲಯ'ದಲ್ಲಿ. ಈ ನ್ಯಾಯಾಲಯಗಳ ಬೇರು ಇದ್ದದ್ದು ಬ್ರಿಟಿಷರು ಸ್ಥಳೀಯರಿಗೆ ಅಂತ ಮಾಡಿದ್ದ ಕೋರ್ಟುಗಳಲ್ಲಿ. ಸಣ್ಣಪುಟ್ಟ ವ್ಯಾಜ್ಯಕ್ಕೆ ಇದ್ದದ್ದನ್ನು ಬಾಂಡಾ ಮರಣದಂಡನೆ ಕೊಡುವ ಮಟ್ಟಕ್ಕೆ ಏರಿಸಿದ್ದರು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಇಬ್ಬರು ವಕೀಲರು, ತಮ್ಮ ಪರ ವಕೀಲರಿಲ್ಲದೆ ಮರಣದಂಡನೆ ಕೇಳಿಸಿಕೊಂಡರು. ಆಮೇಲೆ ಅದು ಜೀವಾವಧಿಯಾಯಿತು. ಓರ್ಟನ್ 1992ರಲ್ಲಿ ಜೊಂಬಾ ಜೈಲಿನಲ್ಲೇ ತೀರಿಕೊಂಡರು. ನನ್ನ ವೃತ್ತಿಯ ಕಾರಣಕ್ಕೋ ಏನೋ, ಈ ಪ್ರಕರಣದ ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಜಿಂಬಾಬ್ವೆಯಲ್ಲಿ ಹಳೆಯದು ಹೊಸದಕ್ಕೆ ಅಂಟಿಕೊಂಡದ್ದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರಾಬರ್ಟ್ ಮುಗಾಬೆ ಹತ್ತು ವರ್ಷಕ್ಕೂ ಹೆಚ್ಚು ಬಂಧನದಲ್ಲಿದ್ದವರು. 1966ರಲ್ಲಿ ಅವರ ಪುಟ್ಟ ಮಗ ಘಾನಾದಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಲು ಸ್ಮಿತ್ ಸರ್ಕಾರ ಬಿಡಲಿಲ್ಲ. ಅಂಥ ಮನುಷ್ಯ 1980ರ ಏಪ್ರಿಲ್ 18ರಂದು ಪ್ರಧಾನಿಯಾದಾಗ ಜೈಲು ಕಾನೂನು ಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಹೋಗಲಿಲ್ಲ. 1965ರ ತುರ್ತು ಪರಿಸ್ಥಿತಿಯನ್ನು ಆರು ತಿಂಗಳಿಗೊಮ್ಮೆ ನವೀಕರಿಸುತ್ತಾ 1990ರವರೆಗೆ ಎಳೆದರು. ರೊಡೇಷಿಯಾದ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಕೆನ್ ಫ್ಲವರ್ ಅದೇ ಕುರ್ಚಿಯಲ್ಲಿ ಉಳಿದರು. ಮಂತ್ರಿ ಎಡ್ಗರ್ ಟೆಕೆರೆ 1980ರಲ್ಲಿ ಬಿಳಿ ರೈತನೊಬ್ಬನ ಕೊಲೆ ಕೇಸಿನಲ್ಲಿ ಬಿಡುಗಡೆಯಾದದ್ದು 1975ರ ರಕ್ಷಣಾ ಕಾನೂನಿನ ಬಲದಿಂದ. ತನ್ನ ಕಡೆಯವರಿಗೆ ಶಿಕ್ಷೆ ಆಗದಿರಲಿ ಅಂತ ಸ್ಮಿತ್ ಸರ್ಕಾರ ಮಾಡಿಟ್ಟಿದ್ದ ಕಾನೂನು ಅದು.

ಡುಮಿಸೊ ಡಬೆಂಗ್ವಾ ಮತ್ತು ಲುಕ್‌ಔಟ್ ಮಸುಕು ಅವರ ವಿಷಯ ನೀವು ತಿಳಿಯಲೇಬೇಕು. ಇಬ್ಬರೂ ಮುಗಾಬೆಯ ಪ್ರತಿಸ್ಪರ್ಧಿ ಜೋಷುವಾ ಎನ್‌ಕೋಮೊ ಅವರ ಪಕ್ಷದ ಸೇನಾ ನಾಯಕರು, ವಿಮೋಚನೆಗಾಗಿ ಹೋರಾಡಿದವರು. 1982ರಲ್ಲಿ ದೇಶದ್ರೋಹದ ಆರೋಪ ಹೊರಿಸಿದರು. 1983ರಲ್ಲಿ ಹೈಕೋರ್ಟ್ ಆ ಆರೋಪದಿಂದ ಖುಲಾಸೆ ಮಾಡಿತು. ಆದರೂ ತುರ್ತು ಅಧಿಕಾರ ಬಳಸಿ ತಕ್ಷಣ ಮತ್ತೆ ಬಂಧಿಸಿದರು. 1986ರಲ್ಲಿ ಮಸುಕು ಅವರನ್ನು ಬಿಟ್ಟಾಗ ಆರೋಗ್ಯ ಪೂರ್ತಿ ಕೆಟ್ಟಿತ್ತು. ಕೆಲವೇ ವಾರಗಳಲ್ಲಿ ಪ್ರಾಣ ಹೋಯಿತು. ಕೋರ್ಟು ನಿರಪರಾಧಿ ಅಂದ ಮೇಲೂ ಮನುಷ್ಯನನ್ನು ಮೂರು ವರ್ಷ ಕೂಡಿಹಾಕಲು ದಾರಿ ಮಾಡಿಕೊಟ್ಟದ್ದು ರೊಡೇಷಿಯಾದ ಕಾನೂನು. ಆದೇಶಕ್ಕೆ ಸಹಿ ಬಿದ್ದದ್ದು ಜಿಂಬಾಬ್ವೆಯ ಸರ್ಕಾರದಲ್ಲಿ. ಅದೇ ಕಾಲದಲ್ಲಿ, 1983ರಿಂದ, ಉತ್ತರ ಕೊರಿಯಾ ತರಬೇತಿ ಕೊಟ್ಟ ಸೇನೆಯ ಐದನೇ ಬ್ರಿಗೇಡ್ ದೇಶದ ಪಶ್ಚಿಮದ ಮಟಬೆಲೆಲ್ಯಾಂಡಿನಲ್ಲಿ ಸಾವಿರಾರು ಜನರನ್ನು ಕೊಂದಿತು. ಸತ್ತವರು 20 ಸಾವಿರದವರೆಗೂ ಇರಬಹುದು ಅನ್ನುವ ಅಂದಾಜು ಇದೆ. ಇದಕ್ಕೆ ಬ್ರಿಟಿಷರ ಕಾನೂನನ್ನು ನೆಪ ಹೇಳಲು ನಾನು ಒಪ್ಪುವುದಿಲ್ಲ.

ಹಾಗಾದರೆ ಬೇರೆ ದಾರಿ ಇತ್ತಾ? ಇತ್ತು. ಪಕ್ಕದ ಬೋಟ್ಸ್ವಾನಾ ನೋಡಿ. ಸೆರೆಟ್ಸೆ ಖಾಮಾ ಬಿಳಿ ಹೆಂಗಸನ್ನು ಮದುವೆಯಾದರು ಅಂತ ಬ್ರಿಟಿಷರು ಅವರನ್ನು 1950ರಲ್ಲಿ ಸ್ವಂತ ನಾಡಿನಿಂದ ಹೊರಗಿಟ್ಟಿದ್ದರು. 1966ರಲ್ಲಿ ಅಧ್ಯಕ್ಷರಾದ ಮೇಲೆ ಅವರು ವಿರೋಧ ಪಕ್ಷಗಳನ್ನು ಬಿಟ್ಟುಕೊಂಡೇ ಆಳಿದರು. ಅಲ್ಲಿ ಬಿಳಿ ವಲಸಿಗರು ಕಡಿಮೆ, ಬ್ರಿಟಿಷ್ ಆಡಳಿತವೂ ತೆಳುವಾಗಿತ್ತು. ಎಷ್ಟೆಂದರೆ ಆ ನಾಡಿನ ಆಡಳಿತ ಕಚೇರಿ ಗಡಿಯಾಚೆ ಮಾಫೆಕಿಂಗ್‌ನಲ್ಲಿತ್ತು. ದಮನದ ಯಂತ್ರ ಅಲ್ಲಿ ಅಷ್ಟು ಬೆಳೆದೇ ಇರಲಿಲ್ಲ. ಖಾಮಾ ಅವರ ಆಯ್ಕೆಯೂ ಅದಕ್ಕೆ ಸೇರಿತು. ನನ್ನ ಉತ್ತರದ ಎರಡೂ ಭಾಗ ಅಲ್ಲಿ ಕಾಣುತ್ತವೆ.

ಈಗಿನ ಸ್ಥಿತಿ ಏನು ಅಂತಲೂ ಕೇಳಿದ್ದೀರಿ. ಜಿಂಬಾಬ್ವೆಯಲ್ಲಿ 1960ರ ಕಾನೂನು ಸುವ್ಯವಸ್ಥೆ ಪಾಲನೆಯ ಕಾಯ್ದೆ 2002ರವರೆಗೆ ಇತ್ತು. ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯೂ ಸಭೆ, ಮೆರವಣಿಗೆಗಳ ಮೇಲೆ ಪೊಲೀಸರಿಗೆ ಅಷ್ಟೇ ಹಿಡಿತ ಕೊಟ್ಟಿತು. ಮಲಾವಿಯಲ್ಲಿ ನನಗೆ ಭರವಸೆ ಕಾಣುತ್ತದೆ. 2019ರ ಅಧ್ಯಕ್ಷ ಚುನಾವಣೆಯನ್ನು 2020ರಲ್ಲಿ ಅಲ್ಲಿನ ಕೋರ್ಟೇ ರದ್ದು ಮಾಡಿತು. ಮರುಚುನಾವಣೆಯಲ್ಲಿ ಅಧಿಕಾರದಲ್ಲಿದ್ದವರು ಸೋತರು. ಜಾಂಬಿಯಾದ ಹಕೈಂಡೆ ಹಿಚಿಲೆಮಾ ವಿರೋಧ ಪಕ್ಷದಲ್ಲಿದ್ದಾಗ, 2017ರಲ್ಲಿ, ದೇಶದ್ರೋಹದ ಆರೋಪ ಹೊತ್ತು ನಾಲ್ಕು ತಿಂಗಳು ಜೈಲಿನಲ್ಲಿದ್ದರು. 2021ರಲ್ಲಿ ಅಧ್ಯಕ್ಷರಾದರು. ಅಧ್ಯಕ್ಷರ ಮಾನಹಾನಿ ಮಾಡಿದರೆ ಜೈಲಿಗೆ ಕಳಿಸುವ ಸೆಕ್ಷನ್ ಅಲ್ಲಿನ ದಂಡ ಸಂಹಿತೆಯಲ್ಲಿತ್ತು. 2022ರ ಡಿಸೆಂಬರ್‌ನಲ್ಲಿ ಅವರು ಅದನ್ನು ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು. ಮರಣದಂಡನೆಯೂ ಅದರ ಜೊತೆಗೇ ಹೋಯಿತು. ಆ ಸುದ್ದಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಸಾರ್ವಜನಿಕ ಭದ್ರತೆಯ ಕಾನೂನನ್ನೂ ಅವರು ಅದೇ ರೀತಿ ತೆಗೆಯಲಿ ಅನ್ನುವುದು ನನ್ನ ಆಸೆ.